ಕೇಳುವ ಮುನ್ನ

‘ಅಕ್ಕರೆ’ ಹೋಟೆಲಿನಲ್ಲಿ ಯಾರೂ ಏನನ್ನೂ ಕೇಳಬೇಕಾಗಿರಲಿಲ್ಲ.

ದಾವಣಗೆರೆಗೆ ಅದು ಹೊಸದಾಗಿ ಬಂದಾಗ ಜನ ಜಾದೂ ನೋಡಲು ಹೋದಂತೆ ಹೋದರು. ಚಟ್ನಿ ಸಾಲದು ಅಂದುಕೊಳ್ಳುವಷ್ಟರಲ್ಲಿ ಚಟ್ನಿ ಬರುತ್ತಿತ್ತು. ಗಾಳಿ ಜಾಸ್ತಿಯಾಯಿತು ಅನ್ನಿಸುವಷ್ಟರಲ್ಲಿ ಫ್ಯಾನು ನಿಧಾನವಾಗುತ್ತಿತ್ತು. ತಂದುಕೊಡುವವರು ಮನುಷ್ಯರೇ, ನಗುಮುಖದವರೇ. ಅವರ ಕಿವಿಯಲ್ಲಿ ಕಡಲೆಕಾಳಿನಷ್ಟು ಪುಟ್ಟ ಯಂತ್ರವೊಂದು ಕೂತು, ಯಾವ ಮೇಜಿಗೆ ಏನು ಬೇಕೆಂದು ಪಿಸುಗುಡುತ್ತಿತ್ತು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಊರಿನ ಬಹುತೇಕ ದೊಡ್ಡ ಹೋಟೆಲುಗಳು ಅದೇ ವ್ಯವಸ್ಥೆ ಹಾಕಿಸಿಕೊಂಡವು. ಮಾಣಿಯನ್ನು ಕೈಬೀಸಿ ಕರೆಯುವುದು ಹಳೆಯ ಕಾಲದ ಒರಟುತನದಂತೆ ಕಾಣತೊಡಗಿತು.

ಅದರ ಹಿಂದಿನ ವಿಜ್ಞಾನ ಸರಳವಾಗಿತ್ತು. ಮನುಷ್ಯ ಬಾಯಿ ತೆರೆದು ಒಂದು ಮಾತು ಆಡುವ ಮೊದಲೇ ಅವನ ಮೆದುಳು ಗಂಟಲಿಗೆ, ನಾಲಿಗೆಗೆ, ತುಟಿಗೆ ಅಪ್ಪಣೆ ಕಳಿಸಿರುತ್ತದೆ. ಸ್ನಾಯುಗಳು ಬಿಗಿಯುತ್ತವೆ, ಉಸಿರು ತುಸು ಒಳಗೆ ಸರಿಯುತ್ತದೆ, ಕಣ್ಣು ಬೇಕಾದ ವಸ್ತುವಿನ ಕಡೆ ಹೊರಳುತ್ತದೆ. ಎದುರು ಕೂತವರಿಗೆ ಇದೊಂದೂ ಕಾಣುವುದಿಲ್ಲ. ಮೇಜಿನ ಅಂಚಿನಲ್ಲಿ ಅಡಗಿಸಿಟ್ಟ ಸಂವೇದಕಗಳಿಗೆ ಕಾಣುತ್ತದೆ. ಇದಕ್ಕೆ ‘ಮಾತಿನ ಸನ್ನಾಹ’ ಎಂದು ಹೆಸರಿಟ್ಟವಳು ರುಬೀನಾ ನದಾಫ್, ಹುಬ್ಬಳ್ಳಿಯ ಎಂಜಿನಿಯರ್. ಸನ್ನಾಹ ಶುರುವಾದ ಕೂಡಲೇ ಯಂತ್ರ ಆ ಮಾತನ್ನು ಊಹಿಸುತ್ತಿತ್ತು. ಮಾತು ಹೊರಬೀಳುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತಿತ್ತು. ಹಾಗಾಗಿ ಮಾತು ಹೊರಬೀಳುತ್ತಲೇ ಇರಲಿಲ್ಲ.

ಇಂಥ ಹೋಟೆಲಿಗೆ ಒಂದು ಭಾನುವಾರ ಮುರುಗೇಂದ್ರಪ್ಪ ಮತ್ತು ಅವನ ಹೆಂಡತಿ ಸರ್ವಮಂಗಳ ಬಂದರು. ಅವರು ಬಂದದ್ದು ಏನನ್ನಾದರೂ ಕೇಳುವುದಕ್ಕೆಂದೇ.

ಮುರುಗೇಂದ್ರಪ್ಪ ನ್ಯಾಯಾಲಯದಲ್ಲಿ ದಲಾಯತನಾಗಿದ್ದ. ಕಲಾಪ ನಡೆಯುವ ಕೋಣೆಯ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗುವುದು ಅವನ ಕೆಲಸ. ಅಂಗಳದಾಚೆಯ ಚಹಾದಂಗಡಿಯಲ್ಲಿ ಕೂತವರೂ ಅವನ ದನಿಗೆ ಎದ್ದು ಬರುತ್ತಿದ್ದರು. ಚಳಿಗಾಲದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಬಲಗೈ ಅರ್ಧ ಸೋತಿತು, ಕಾಲು ಊರುಗೋಲು ಬೇಡಿತು. ಮಾತು ಹೋಯಿತು. ಯಾರು ಏನಂದರೂ ತಿಳಿಯುತ್ತಿತ್ತು. ಉತ್ತರ ತಲೆಯಲ್ಲಿ ಹುಟ್ಟುತ್ತಿತ್ತು. ಬಾಯಿಯವರೆಗೆ ಬಂದು ಅಲ್ಲೇ ಕರಗುತ್ತಿತ್ತು.

ಮಕ್ಕಳಿಲ್ಲದ ಮನೆ. ಮಾತಾಡಿದರೆ ಅವರಿಬ್ಬರೇ ಆಡಬೇಕಿತ್ತು. ಸರ್ವಮಂಗಳ ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಗಂಡ ಹಾಸಿಗೆ ಹಿಡಿದ ಮೇಲೆ ತರಗತಿ ನಿಂತಿತು. ಹೊಲಿಗೆ ಯಂತ್ರಗಳ ಮೇಲೆ ಹಳೆಯ ಸೀರೆ ಹೊದಿಸಿಟ್ಟಳು.

ವಾರಕ್ಕೆರಡು ಸಲ ಅವನನ್ನು ಲವೀನಾ ಎಂಬ ವಾಕ್‌ಚಿಕಿತ್ಸಕಿಯ ಬಳಿ ಕರೆದುಕೊಂಡು ಹೋಗುತ್ತಿದ್ದಳು. ಲವೀನಾ ಮಂಗಳೂರಿನವಳು, ಈ ಊರಿಗೆ ಹೊಸಬಳು. ಅವಳ ಪ್ರಯತ್ನದಿಂದ ಅವನಿಗೆ ಮೂರು ಮಾತು ಮರಳಿ ಬಂದಿದ್ದವು: ಬಾ, ಬೇಡ, ಸಾಕು.

“ಇವರ ತಲೆಯಲ್ಲಿ ಮಾತು ಉಂಟು. ದಾರಿ ಮಾತ್ರ ಹಾಳಾಗಿದೆ,” ಎಂದಿದ್ದಳು ಲವೀನಾ. “ಮೆದುಳು ಹೊಸ ದಾರಿ ಮಾಡಿಕೊಳ್ತದೆ. ಆದರೆ ಸುಮ್ಮನೆ ಮಾಡುವುದಿಲ್ಲ, ಅಗತ್ಯ ಬಿದ್ದರೆ ಮಾತ್ರ. ಇನ್ನು ಕೆಲವು ತಿಂಗಳು ಬಹಳ ಮುಖ್ಯ. ಅವರು ಕೇಳದೆ ನೀವು ಏನೂ ಕೊಡಬೇಡಿ.”

“ಅದೆಂಗಾಗ್ತದೆ ಮೇಡಂ? ಅವರ ಮುಖ ನೋಡಿದ್ರೆ ನಂಗೆ ಗೊತ್ತಾಗಿಬಿಡ್ತದೆ.”

“ಅದೇ ತೊಂದರೆ ನೋಡಿ,” ಎಂದು ಲವೀನಾ ನಕ್ಕಳು. “ಹೋಟೆಲಿಗೆ ಕರಕೊಂಡು ಹೋಗಿ. ಅಲ್ಲಿಯವರಿಗೆ ಇವರ ಮುಖದ ಗುರುತಿಲ್ಲ. ಕೇಳದೆ ಯಾರೂ ಕೊಡುವುದಿಲ್ಲವಲ್ಲ.”

ಮೆಟ್ಟಿಲು ಹತ್ತಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಸರ್ವಮಂಗಳ ‘ಅಕ್ಕರೆ’ಯನ್ನು ಆರಿಸಿದಳು. ಅಲ್ಲಿನ ವ್ಯವಸ್ಥೆಯ ಬಗ್ಗೆ ಕೇಳಿದ್ದಳು, ಆದರೆ ಮಾತೇ ಆಡದ ತನ್ನ ಗಂಡನ ಮನಸ್ಸು ಯಂತ್ರಕ್ಕೆಲ್ಲಿ ತಿಳಿದೀತು ಎಂದುಕೊಂಡಿದ್ದಳು. ಮನೆಯಲ್ಲಿ ಅವನು ಒಂದು ವಾರ ಒಂದೇ ಶಬ್ದವನ್ನು ಅಭ್ಯಾಸ ಮಾಡಿದ್ದ. ದೋಸೆ. ಕನ್ನಡಿಯ ಮುಂದೆ ಕೂತು ತುಟಿ ದುಂಡಗೆ ಮಾಡಿ, ನಾಲಿಗೆ ಹಲ್ಲಿಗೆ ಒತ್ತಿ, ‘ದೋ’ ಎಂಬಷ್ಟನ್ನು ಎರಡು ಸಲ ಹೊರಡಿಸಿದ್ದ. ಆ ದಿನ ತಾನೇ ಆರಿಸಿದ ಬಿಳಿ ಅಂಗಿ ತೊಟ್ಟಿದ್ದ.

ಅವರು ಕೂತರು. ಮುರುಗೇಂದ್ರಪ್ಪ ಉಸಿರೆಳೆದುಕೊಂಡ. ತುಟಿ ದುಂಡಗಾಯಿತು. ಅಷ್ಟರಲ್ಲಿ ಮಾಣಿ ಹಾಲೇಶ ಮೇಜಿನ ಬಳಿ ನಿಂತಿದ್ದ. ನಲವತ್ತರ ಆಸುಪಾಸಿನವನು, ಮೃದು ಮಾತಿನವನು.

“ಬೆಣ್ಣೆ ದೋಸೆ ತಾನೇ ಸಾರ್? ಹಾಕ್ಸಿದೀನಿ. ಮೆತ್ತಗೆ ಇರ್ಲಿ ಅಂತ ಹೇಳಿದೀನಿ.”

ಮುರುಗೇಂದ್ರಪ್ಪನ ತುಟಿ ದುಂಡಗೇ ಉಳಿಯಿತು.

“ತಮ್ಮಾ, ಸ್ವಲ್ಪ ತಡೀಯಪ್ಪ. ಅವರೇ ಹೇಳ್ಲಿ,” ಎಂದಳು ಸರ್ವಮಂಗಳ.

“ಅವರಿಗ್ಯಾಕೆ ತೊಂದ್ರೆ ಅಕ್ಕಾ?” ಎಂದ ಹಾಲೇಶ. ಅವನು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ.

ದೋಸೆ ಬಂತು. ಬಲಗೈ ಸೋತವರೆಂದು ತುಂಡು ಮಾಡಿಯೇ ತಂದಿದ್ದರು. ಅವನು ಎಡಗೈ ಚಾಚುವ ಮುನ್ನ ಚಮಚ ಬಂತು. ಪಲ್ಯದ ಕಡೆ ನೋಡಿದ್ದಕ್ಕೆ ಪಲ್ಯ ಬಂತು. ಏನನ್ನೋ ಹೇಳಲೇಬೇಕೆಂದು ಅವನು ಮತ್ತೆ ಮತ್ತೆ ಗಂಟಲು ಬಿಗಿಹಿಡಿಯುತ್ತಿದ್ದ. ಪ್ರತಿ ಸಲವೂ ಏನಾದರೊಂದು ಬರುತ್ತಿತ್ತು. ಹೆಚ್ಚುವರಿ ಬೆಣ್ಣೆ, ಉಪ್ಪು, ಬೆನ್ನಿಗೆ ದಿಂಬು. ಕೊನೆಗೆ ಅವನ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಮೆತ್ತನೆಯ ಕಾಗದ ಬಂತು.

ಸರ್ವಮಂಗಳ ಹಾಲೇಶನ ಕೈ ಹಿಡಿದುಕೊಂಡಳು. “ನಿಂಗೆ ಕೈ ಮುಗೀತೀನಿ. ಇನ್ನೇನೂ ತರಬೇಡ.”

ಹಾಲೇಶನಿಗೆ ಗಾಬರಿಯಾಯಿತು. “ತರದಿದ್ರೆ ನನ್ನ ಕಿವೀಲಿ ಅದು ಕೂಗ್ತಾನೇ ಇರ್ತದೆ ಅಕ್ಕಾ. ಬೇಜಾರಾಗೋ ಹಂಗೆ ನಾನೇನಾದ್ರೂ ಮಾಡಿದ್ನಾ?”

ಅವಳು ಅವನ ಕೈ ಬಿಟ್ಟಳು. ಅವನು ತಪ್ಪು ಮಾಡಿರಲಿಲ್ಲ.

*

ಆ ಹೊತ್ತಿನಲ್ಲಿ ಹುಬ್ಬಳ್ಳಿಯ ಕಂಟ್ರೋಲ್ ರೂಮಿನಲ್ಲಿ ರುಬೀನಾ ಪರದೆಯ ಮುಂದೆ ಕೂತಿದ್ದಳು. ಪ್ರತಿ ಹೋಟೆಲಿನ ಪ್ರತಿ ಮೇಜೂ ಅಲ್ಲಿ ಒಂದು ಪುಟ್ಟ ವೃತ್ತ. ಸನ್ನಾಹ ಎದ್ದಾಗ ವೃತ್ತ ಹಳದಿಯಾಗುತ್ತದೆ, ಬೇಕಾದ್ದು ತಲುಪಿದಾಗ ಹಸಿರಾಗುತ್ತದೆ. ದಾವಣಗೆರೆಯ ಕಿಟಕಿ ಪಕ್ಕದ ಮೇಜೊಂದು ಅವಳ ಗಮನ ಸೆಳೆಯಿತು. ಸಾಮಾನ್ಯರಲ್ಲಿ ಸನ್ನಾಹ ಕಣ್ಣು ಮಿಟುಕಿಸುವಷ್ಟು ಹೊತ್ತು ಇರುತ್ತದೆ. ಇಲ್ಲಿ ಅದು ಎದ್ದು ನಿಂತು, ಇಳಿಯದೆ, ಉರಿಯುತ್ತಲೇ ಇತ್ತು. ಇಷ್ಟು ಸ್ಪಷ್ಟವಾದ ಸಂಕೇತವನ್ನು ಅವಳು ಎಂದೂ ಕಂಡಿರಲಿಲ್ಲ.

ವಿಚಾರಿಸಿದಾಗ ಆ ಮೇಜಿನವರಿಗೆ ಮಾತು ಬರುವುದಿಲ್ಲವೆಂದು ತಿಳಿಯಿತು. ರುಬೀನಾ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಅವಳು ಈ ಯಂತ್ರಕ್ಕೆ ಕೈಹಾಕಿದ್ದಕ್ಕೆ ತನ್ನದೇ ಕಾರಣವಿತ್ತು. ಹಾಸ್ಟೆಲಿನಲ್ಲಿ ಓದುವಾಗ ಇನ್ನೊಂದು ರೊಟ್ಟಿ ಕೇಳಲು ನಾಚಿಕೆಯಾಗಿ ಎಷ್ಟೋ ದಿನ ಅರೆಹೊಟ್ಟೆಯಲ್ಲಿ ಎದ್ದಿದ್ದಳು. ಬಡಿಸುವವರು ಒಮ್ಮೆ ತನ್ನ ಕಡೆ ನೋಡಿದರೆ ಸಾಕಿತ್ತು ಅನ್ನಿಸುತ್ತಿತ್ತು. ಬಾಯಿ ಬಿಟ್ಟು ಕೇಳಲಾರದವರಿಗೂ ಸಿಗಬೇಕು ಎಂಬುದು ಅವಳ ಹಳೆಯ ಹಟ. ಈಗ ನಿಜವಾಗಿಯೂ ಕೇಳಲಾರದ ಒಬ್ಬರು ಸಿಕ್ಕಿದ್ದರು.

ಅವಳ ಸಂಸ್ಥೆಯಲ್ಲಿ ಮನೆಬಳಕೆಯ ಯಂತ್ರವೊಂದು ಪರೀಕ್ಷೆಗೆ ತಯಾರಾಗಿತ್ತು. ಕೊರಳಿಗೆ ಕಟ್ಟುವ ತೆಳ್ಳನೆಯ ಪಟ್ಟಿ, ಜೊತೆಗೊಂದು ಸ್ಪೀಕರು. ಸನ್ನಾಹವನ್ನು ಓದಿ ಆ ಮಾತನ್ನು ತಾನೇ ಗಟ್ಟಿಯಾಗಿ ಹೇಳುತ್ತಿತ್ತು. ಹೋಟೆಲಿನವರಿಂದ ನಂಬರು ಪಡೆದು ರುಬೀನಾ ಸರ್ವಮಂಗಳಳಿಗೆ ಫೋನ್ ಮಾಡಿದಳು.

“ಅಕ್ಕಾರ, ಅವರಿಗೆ ಏನು ಬೇಕು ಅನ್ನೋದು ನಿಮಗ ಕೇಳಸ್ತೈತ್ರಿ. ಅವರು ಒದ್ದಾಡೂದs ಬೇಕಾಗಿಲ್ಲ.”

ಸರ್ವಮಂಗಳ ಆ ದಿನ ಬೆಳಿಗ್ಗೆಯಷ್ಟೇ ಗಂಡನಿಗೆ ಸ್ನಾನ ಮಾಡಿಸುವಾಗ ಅವನು ತೋರಿಸಿದ್ದು ತಿಳಿಯದೆ ರೇಗಿದ್ದಳು. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತಿದ್ದಳು. ‘ಒದ್ದಾಡೂದs ಬೇಕಾಗಿಲ್ಲ’ ಎಂಬ ಮಾತು ಅವಳಿಗೆ ತನ್ನ ಕುರಿತೇ ಹೇಳಿದಂತೆ ಕೇಳಿಸಿತು.

“ಕಳಿಸವ್ವ,” ಎಂದಳು.

ವಿಷಯ ಗೊತ್ತಾದಾಗ ಲವೀನಾ ಹೇಳಿದಳು: “ಮಾತು ಬರುವುದೇ ಇಲ್ಲ ಅನ್ನುವವರಿಗೆ ಇದು ದೊಡ್ಡ ವರ. ನಾನೇ ತರಿಸಿ ಕೊಡುತ್ತೇನೆ. ಆದರೆ ಇವರಿಗೆ ಬರುತ್ತಾ ಉಂಟು ಮಂಗಳಕ್ಕ. ಅರ್ಧ ದಾರಿಯಲ್ಲಿ ಎತ್ತಿಕೊಂಡುಬಿಟ್ಟರೆ ಕಾಲು ನಡೆಯುವುದನ್ನು ಮರೆಯುತ್ತದೆ.”

“ನಂಗೂ ಸಾಕಾಗಿದೆ ಮೇಡಂ,” ಎಂದಳು ಸರ್ವಮಂಗಳ.

ಲವೀನಾ ಆಮೇಲೆ ಒತ್ತಾಯಿಸಲಿಲ್ಲ.

*

ಮೊದಲ ಕೆಲವು ವಾರ ಮನೆ ಹಗುರಾಯಿತು. ಕೊರಳಪಟ್ಟಿ ಕಟ್ಟಿಕೊಂಡು ಮುರುಗೇಂದ್ರಪ್ಪ ಕುರ್ಚಿಯಲ್ಲಿ ಕೂತಿರುತ್ತಿದ್ದ. ಸ್ಪೀಕರಿನಿಂದ ಯಾರದೋ ಗಂಡುದನಿ ತಡವರಿಸದೆ ಹೇಳುತ್ತಿತ್ತು: “ಕಿಟಕಿ ತೆರೆಯಿರಿ.” “ಕಾಲು ನೋಯುತ್ತಿದೆ.” “ಪತ್ರಿಕೆ ಕೊಡಿ.” ಮೊದಲ ಸಲ ಅದು “ಬಿಸಿಯಾಗಿದೆ” ಅಂದಾಗ ಮುರುಗೇಂದ್ರಪ್ಪ ಬೆಚ್ಚಿ, ಆಮೇಲೆ ಜೋರಾಗಿ ನಕ್ಕುಬಿಟ್ಟಿದ್ದ. ಸರ್ವಮಂಗಳ ಹೊಲಿಗೆ ಯಂತ್ರಗಳ ಮೇಲಿನ ಸೀರೆ ತೆಗೆದಳು. ಹುಡುಗಿಯರು ಮತ್ತೆ ಬಂದರು. ಮುಂದಿನ ಕೋಣೆಯಲ್ಲಿ ಕಟಕಟ ಸದ್ದು ತುಂಬಿತು. ಸ್ಪೀಕರು ಕರೆದಾಗ ಎದ್ದು ಹೋಗಿ ಬೇಕಾದ್ದು ಕೊಟ್ಟು ಬಂದರಾಯಿತು.

ಗಂಡ ‘ಬಾ’ ಅನ್ನುವುದನ್ನು ಯಾವಾಗ ನಿಲ್ಲಿಸಿದನೋ ಅವಳಿಗೆ ಗೊತ್ತಾಗಲಿಲ್ಲ. ಒಂದು ಮಧ್ಯಾಹ್ನ ಅನ್ನ ಬಡಿಸುವಾಗ ‘ಸಾಕು’ ಎಂದು ಯಂತ್ರ ಹೇಳಿತು. ತಟ್ಟನೆ ಅವಳಿಗೆ ಹೊಳೆಯಿತು, ಇದು ಅವನೇ ಆಡುತ್ತಿದ್ದ ಮಾತು.

“ನೀವೇ ಹೇಳ್ರಿ. ಸಾಕು ಅನ್ರಿ ನೋಡೋಣ.”

ಅವನು ಅವಳನ್ನು ನೋಡಿದ. ಬಾಯಿ ತೆರೆದ. ಗಂಟಲು ಅಲುಗಲಿಲ್ಲ. ಮುಖದಲ್ಲಿ ಪ್ರಯತ್ನವೂ ಕಾಣಲಿಲ್ಲ. ಬೇರೆ ಯಾರಿಗೋ ಒಪ್ಪಿಸಿದ ಕೆಲಸವನ್ನು ತಮ್ಮನ್ನು ಕೇಳಿದರೆ ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದ.

ಅಲ್ಲಿಂದ ಯಂತ್ರವೂ ತಪ್ಪತೊಡಗಿತು. ಹಸಿವಾದಾಗ ಬೆಳಕು ಬೇಕೆನ್ನುತ್ತಿತ್ತು. ಎಷ್ಟೋ ಹೊತ್ತು ಏನೂ ಹೇಳುತ್ತಿರಲಿಲ್ಲ. ಮಾತಾಡುವ ಸನ್ನಾಹವನ್ನು ಓದಲೆಂದು ಮಾಡಿದ ಯಂತ್ರ ಅದು. ಅವನಲ್ಲಿ ಆ ಸನ್ನಾಹವೇ ಆರುತ್ತಿತ್ತು. ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದವನು ಒಂದು ದಿನ ಎಡಗೈಯಿಂದ ಕೊರಳಪಟ್ಟಿ ಕಿತ್ತು ನೆಲಕ್ಕೆ ಎಸೆದ. ಸರ್ವಮಂಗಳ ಓಡಿಬಂದು ಮತ್ತೆ ಕಟ್ಟಲು ಹೋದಳು. ಅವನು ಅವಳ ಕೈ ತಳ್ಳಿದ. ಮದುವೆಯಾದಂದಿನಿಂದ ಅವನು ಅವಳನ್ನು ತಳ್ಳಿದ್ದು ಅದೇ ಮೊದಲು.

“ಏನು ಬೇಕ್ರೀ ನಿಮಗೆ? ಏನು ಬೇಕು ಅಂತನಾದ್ರೂ ಹೇಳ್ರಿ!”

ಅವನು ಅಳತೊಡಗಿದ. ಹೊಲಿಗೆಯ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಹೋದರು.

*

ರುಬೀನಾಳ ಪರದೆಯಲ್ಲಿ ಮುರುಗೇಂದ್ರಪ್ಪನ ಸನ್ನಾಹದ ಏರಿಳಿತ ತೋರಿಸುವ ಗೆರೆ ಇಳಿಯುತ್ತಿತ್ತು. ಯಂತ್ರದ ದೋಷವಿರಬೇಕೆಂದು ಅವಳು ಮೊದಲು ಅಂದುಕೊಂಡಳು. ಸಂವೇದಕದ ಸೂಕ್ಷ್ಮತೆ ಹೆಚ್ಚಿಸಿದಳು, ಲೆಕ್ಕಾಚಾರ ತಿದ್ದಿದಳು. ಗೆರೆ ಮತ್ತೂ ಇಳಿಯಿತು. ಆಗ ಅನುಮಾನ ಬಂದು, ಹೋಟೆಲುಗಳಿಗೆ ದಿನನಿತ್ಯ ಬರುವ ಗಿರಾಕಿಗಳ ಹಳೆಯ ದಾಖಲೆ ತೆರೆದಳು. ಆರೋಗ್ಯವಂತರು, ಮಾತುಗಾರರು. ಅವರ ಗೆರೆಗಳೂ ಸ್ವಲ್ಪ ಸ್ವಲ್ಪವೇ ಇಳಿದಿದ್ದವು. ಒಂದೇ ಮೇಜಿನಲ್ಲಿ ಕೂತ ಗಂಡ ಹೆಂಡತಿ, ಅಪ್ಪ ಮಗಳು, ಗೆಳೆಯರು ಒಬ್ಬರಿಗೊಬ್ಬರು ‘ಉಪ್ಪು ಕೊಡು’, ‘ರುಚಿ ನೋಡು’, ‘ಸಾಕಾ?’ ಅನ್ನುವುದು ನಿಂತಿತ್ತು. ಅವು ಮಾತೇ ಅಲ್ಲ ಎಂದು ಅವಳು ಎಣಿಸಿದ್ದಳು. ಅಂಥ ಮಾತಿನಿಂದಲೇ ಬೇರೆ ಮಾತು ಶುರುವಾಗುತ್ತಿತ್ತು ಎಂಬುದು ಈಗ ಕಾಣಿಸಿತು. ಊಟದ ಮೇಜುಗಳು ಮೌನವಾಗುತ್ತಿದ್ದವು.

ಮೇಲಧಿಕಾರಿಗೆ ತೋರಿಸಿದಳು. ಅವನು ಗೆರೆಗಳನ್ನು ಖುಷಿಯಿಂದ ನೋಡಿದ. “ಒಳ್ಳೇದೇ ಆಯ್ತಲ್ಲ ರುಬೀನಾ? ಯಾರಿಗೂ ಬಾಯಿ ಬಿಡೋ ಕೆಲಸ ಇಲ್ಲ ಅಂದ್ರೆ ನಮ್ಮ ಸೇವೆ ಅಷ್ಟು ಚೆನ್ನಾಗಿದೆ ಅಂತ.”

ಮರುದಿನ ಅವಳು ದಾವಣಗೆರೆಯ ರೈಲು ಹತ್ತಿದಳು.

ಸರ್ವಮಂಗಳ ಬಾಗಿಲು ತೆರೆದು, ಯಾರೆಂದು ತಿಳಿದ ಮೇಲೆ, ಒಳಗೆ ಕರೆಯದೆ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ದಾರಿ ಬಿಟ್ಟಳು. ರುಬೀನಾ ಮುರುಗೇಂದ್ರಪ್ಪನ ಎದುರು ನೆಲದ ಮೇಲೆ ಕೂತಳು. ಪರದೆಯ ವೃತ್ತವಾಗಿ ಮಾತ್ರ ಕಂಡಿದ್ದ ಮನುಷ್ಯ. ಗಡ್ಡ ಬೆಳೆದಿತ್ತು. ಅಂಗಿಯ ಗುಂಡಿಯನ್ನು ಎಡಗೈಯಿಂದ ಹಾಕಿಕೊಳ್ಳಲು ಹೋಗಿ ಒಂದು ತೂತು ತಪ್ಪಿಸಿದ್ದ.

“ತಪ್ಪು ನನ್ನದ್ರಿ,” ಎಂದಳು. “ನಿಮಗ ಏನು ಬೇಕು ಅನ್ನೋದನ್ನ ಅಷ್ಟs ನೋಡಿದೆ. ನಿಮಗ ಹೇಳೂದು ಬೇಕಾಗಿತ್ತು ಅನ್ನೋದು ತಿಳೀಲಿಲ್ಲ.”

ಮುರುಗೇಂದ್ರಪ್ಪ ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ ಹೌದೆಂಬಂತೆ ತಲೆಯಾಡಿಸಿದ.

ಆ ಸಂಜೆ ಲವೀನಾಳ ಚಿಕಿತ್ಸಾಲಯದಲ್ಲಿ ಮೂವರು ಹೆಂಗಸರು ಬಹಳ ಹೊತ್ತು ಮಾತಾಡಿದರು. ಯಂತ್ರ ಬಿಸಾಡಿದರಾಯಿತು ಎಂದಳು ಸರ್ವಮಂಗಳ. ಆದರೆ ಹಿಂದೆಯೂ ತಾನು ಕಾಯಲಾರದೆ ಸೋತಿದ್ದನ್ನೂ ಅವಳೇ ಒಪ್ಪಿಕೊಂಡಳು. “ಅವರು ಸುಮ್ನೆ ಕೂತಾಗ ನಂಗೆ ಗೊತ್ತಾಗಲ್ಲ ಮೇಡಂ. ಹೇಳಕ್ಕೆ ಒದ್ದಾಡ್ತಿದಾರೋ, ಕೈಬಿಟ್ಟಿದಾರೋ ಅಂತ. ಭಯ ಆಗ್ತದೆ. ಅದಕ್ಕೇ ಕೊಟ್ಟುಬಿಡ್ತೀನಿ.”

ರುಬೀನಾ ತಟ್ಟನೆ ತಲೆ ಎತ್ತಿದಳು. “ಅದನ್ನ ನನ್ನ ಯಂತ್ರ ಹೇಳ್ತೈತ್ರಿ. ಅವರು ಏನು ಹೇಳ್ತಾರ ಅಂತ ಹೇಳೂದು ಬ್ಯಾಡ. ಹೇಳಾಕತ್ತಾರ, ತಡೀರಿ ಅಂತ ಅಷ್ಟs ಹೇಳ್ಲಿ.”

ಲವೀನಾ ಪೆನ್ನು ಕೆಳಗಿಟ್ಟಳು. “ಅದು ಆಗಬಹುದು,” ಎಂದಳು.

ರುಬೀನಾ ಬುಡದಲ್ಲೇ ಸಂವೇದಕಗಳಿರುವ ಒಂದು ಪುಟ್ಟ ದೀಪ ಮಾಡಿದಳು, ಕೊರಳಪಟ್ಟಿ ಬೇಕಿರಲಿಲ್ಲ. ಬೇರೇನೂ ಅಲ್ಲ. ಸನ್ನಾಹ ಎದ್ದಾಗ ಹಳದಿ ಬೆಳಕು, ಇಲ್ಲದಾಗ ಇಲ್ಲ. ಊಹೆಯಿಲ್ಲ, ದನಿಯಿಲ್ಲ. ಅದನ್ನು ಅವರ ಮನೆಯಲ್ಲಿಟ್ಟ ದಿನ ದೀಪ ಬೆಳಗಲೇ ಇಲ್ಲ. ವಾರ ಕಳೆದು, ಲವೀನಾ ಮನೆಗೇ ಬಂದು ಪಾಠ ಮಾಡಿದ ಮೇಲೆ, ಒಂದು ಸಲ ಮಿಣುಕಿ ಆರಿತು. ಸರ್ವಮಂಗಳ ಒಲೆಯ ಮೇಲಿನ ಒಗ್ಗರಣೆ ಹಾಗೇ ಬಿಟ್ಟು ಬಂದು ಗಂಡನ ಮುಂದೆ ಕೂತಳು. ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾಯಿತು. ಮಾತು ಬರಲಿಲ್ಲ. ಆದರೆ ಒಳಗೆ ಅವನಿನ್ನೂ ಪ್ರಯತ್ನಿಸುತ್ತಿದ್ದಾನೆ ಎಂಬುದು ತಿಳಿಯಿತು. ಆ ದಿನದಿಂದ ಅವಳು ಕಾಯುವುದನ್ನು ಕಲಿಯತೊಡಗಿದಳು. ತರಕಾರಿ ಹೆಚ್ಚುವುದಕ್ಕಿಂತ, ಬಟ್ಟೆ ಒಗೆಯುವುದಕ್ಕಿಂತ ಅದು ಕಷ್ಟದ ಕೆಲಸವಾಗಿತ್ತು. ಕೈಗಳನ್ನು ಮಡಿಲಲ್ಲಿ ಒಂದರಮೇಲೊಂದು ಒತ್ತಿ ಹಿಡಿದು ಕೂರುತ್ತಿದ್ದಳು. ‘ಬೇಡ’ ಮರಳಿತು. ಆಮೇಲೆ ‘ಬಾ’.

“ಇನ್ನು ಹೋಟೆಲಿಗೆ ಹೋಗಿ,” ಎಂದಳು ಲವೀನಾ.

ಯಾವ ಹೋಟೆಲಿಗೆ ಎಂದು ಸರ್ವಮಂಗಳ ಪಟ್ಟಿ ಹೇಳುತ್ತಾ ಹೋದಳು. ‘ಅಕ್ಕರೆ’ ಎಂದಾಗ ಮುರುಗೇಂದ್ರಪ್ಪ ಅಲ್ಲಿಗೇ ಎಂಬಂತೆ ಊರುಗೋಲಿನಿಂದ ನೆಲ ಕುಟ್ಟಿದ.

*

ಸಂಸ್ಥೆಯ ಅನುಮತಿ ಕೇಳಿದರೆ ಸಿಗುವುದಿಲ್ಲವೆಂದು ರುಬೀನಾಗೆ ಗೊತ್ತಿತ್ತು. ಕಿಟಕಿ ಪಕ್ಕದ ಆ ಮೇಜನ್ನು ಆ ದಿನದ ಮಟ್ಟಿಗೆ ವ್ಯವಸ್ಥೆಯಿಂದ ಹೊರಗಿಟ್ಟಳು. ಊಹೆ ತನ್ನ ಕೈಯ ಫೋನಿಗೆ ಮಾತ್ರ ಬರುವಂತೆ ಮಾಡಿ, ಮೇಜಿನ ಮೇಲೆ ದೀಪವಿಟ್ಟಳು. ಹಾಲೇಶನಿಗೆ ಎಲ್ಲ ವಿವರಿಸಿದಳು.

ಅವನು ಕಿವಿಯಿಂದ ಯಂತ್ರ ತೆಗೆದು ಅಂಗೈಯಲ್ಲಿಟ್ಟು ನೋಡಿದ. “ಅವತ್ತು ಅವರು ಅತ್ತಿದ್ದು ನಂಗೆ ಮರ್ತಿಲ್ಲ ಮೇಡಂ. ನಾನೇನು ಮಾಡ್ಬೇಕು ಹೇಳಿ.”

“ಏನೂ ಮಾಡಬ್ಯಾಡ್ರಿ. ಅವರ ಮುಂದ ನಿಂದರ್ರಿ, ಅಷ್ಟs.”

ಹೋಟೆಲು ತುಂಬಿತ್ತು. ಗಂಡ ಹೆಂಡತಿ ಎದುರುಬದುರು ಕೂತರು. ರುಬೀನಾ ಹಿಂದಿನ ಮೇಜಿನಲ್ಲಿದ್ದಳು. ಹಾಲೇಶ ಬಂದು ಕೈಕಟ್ಟಿ ನಿಂತ. ಸುತ್ತಲಿನ ಮೇಜುಗಳಿಗೆ ತಟ್ಟೆಗಳು ಸದ್ದಿಲ್ಲದೆ ಬಂದು ಹೋಗುತ್ತಿದ್ದವು. ಈ ಮೇಜಿನ ಮೇಲೆ ತಿಂಡಿಯ ಕಾರ್ಡೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಯಾರೂ ಓದದ ಆ ಕಾರ್ಡನ್ನು ಹಾಲೇಶ ಎಲ್ಲಿಂದಲೋ ಹುಡುಕಿ ತಂದಿದ್ದ.

ದೀಪ ಹೊತ್ತಿತು. ಮುರುಗೇಂದ್ರಪ್ಪನ ಕುತ್ತಿಗೆಯ ನರ ಉಬ್ಬಿತು. ಬಾಯಿ ತೆರೆದು ಮುಚ್ಚಿತು. ದೀಪ ಆರಿತು.

ಪಕ್ಕದ ಮೇಜಿನ ಹಿರಿಯರೊಬ್ಬರು ತಿರುಗಿ, “ಏನಯ್ಯಾ, ಹುಷಾರಿಲ್ಲದೋರನ್ನ ಹಿಂಗೆ ಕಾಯ್ಸೋದಾ? ನಾಚ್ಕೆ ಆಗಲ್ವಾ?” ಎಂದು ಹಾಲೇಶನ ಮೇಲೆ ರೇಗಿದರು. ಹಾಲೇಶನ ಮುಖ ಕೆಂಪಾಯಿತು. ಕದಲಲಿಲ್ಲ.

ದೀಪ ಮತ್ತೆ ಹೊತ್ತಿತು. ಈ ಸಲ ಆರದೆ ಉರಿಯಿತು. ಮುರುಗೇಂದ್ರಪ್ಪನ ಹಣೆಯಲ್ಲಿ ಬೆವರು ಮೂಡಿತು. ಸರ್ವಮಂಗಳ ಸೆರಗಿನಿಂದ ಒರೆಸಲು ಕೈ ಎತ್ತಿ, ಅರ್ಧದಲ್ಲೇ ತಡೆದು, ಮಡಿಲಿಗೆ ಎಳೆದುಕೊಂಡಳು.

“ನೀ...” ಎಂದ ಮುರುಗೇಂದ್ರಪ್ಪ.

ರುಬೀನಾಳ ಫೋನಿನಲ್ಲಿ ಊಹೆ ಮೂಡಿತು: ನೀರು. ಹಾಲೇಶನಿಗೂ ಹಾಗೇ ಕೇಳಿಸಿತು. ಅವನ ಕಾಲು ತಾನಾಗಿ ಹೆಜ್ಜೆ ಎತ್ತಿತು. ರುಬೀನಾ ಬೇಡವೆಂದು ಕೈಯಾಡಿಸಿದಳು. ದೀಪ ಇನ್ನೂ ಉರಿಯುತ್ತಿತ್ತು. ಅವನ ಮಾತು ಮುಗಿದಿರಲಿಲ್ಲ.

“ನೀ... ನೀನ್...”

ಅವನು ಹೆಂಡತಿಯನ್ನು ನೋಡುತ್ತಿದ್ದ. ಎಡಗೈಯ ಬೆರಳುಗಳು ಮೇಜನ್ನು ಬಿಗಿಯಾಗಿ ಹಿಡಿದಿದ್ದವು.

“ನೀನ್... ಏನ್... ತಗಂತಿ?”



ನೀನೇನು ತಗೊಳ್ಳುತ್ತೀಯ ಎಂದು ಅವನು ಕೇಳಿದ್ದ. ಅವನಿಗೆ ಏನು ಬೇಕೆಂದು ಎಲ್ಲರೂ ತಿಂಗಳುಗಟ್ಟಲೆ ಹುಡುಕಿದ್ದರು. ಯಂತ್ರ ಹುಡುಕಿತ್ತು, ಅವಳು ಹುಡುಕಿದ್ದಳು. ಅವನು ಇನ್ನೊಬ್ಬರನ್ನು ಏನಾದರೂ ಕೇಳಬಯಸಬಹುದು ಎಂದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಹಾಲೇಶ ಮುಖ ಬೇರೆ ಕಡೆ ತಿರುಗಿಸಿಕೊಂಡ. ರೇಗಿದ್ದ ಹಿರಿಯರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಮರಳಿಟ್ಟರು.

ಆಮೇಲಿನ ಸಂಗತಿಗಳೆಲ್ಲ ಅಷ್ಟೇನೂ ದೊಡ್ಡವಲ್ಲ. ಮೇಜನ್ನು ವ್ಯವಸ್ಥೆಯಿಂದ ಹೊರಗಿಟ್ಟದ್ದಕ್ಕೆ ರುಬೀನಾಗೆ ವಿವರಣೆ ಕೇಳಿ ಪತ್ರ ಬಂತು. ಅವಳು ಕೆಲಸ ಬಿಟ್ಟು, ಆ ದೀಪವನ್ನೇ ಹಿಡಿದುಕೊಂಡು ಲವೀನಾಳಂಥವರ ಜೊತೆ ಆಸ್ಪತ್ರೆಗಳಿಗೆ ಅಲೆದಳು. ಹೋಟೆಲುಗಳು ಹಾಗೇ ನಡೆದವು; ಅಲ್ಲಿ ಇವತ್ತಿಗೂ ಯಾರೂ ಏನನ್ನೂ ಕೇಳುವುದಿಲ್ಲ. ಮುರುಗೇಂದ್ರಪ್ಪ ಮತ್ತೆ ನ್ಯಾಯಾಲಯದ ಬಾಗಿಲಲ್ಲಿ ನಿಂತು ಹೆಸರು ಕೂಗುವಷ್ಟು ಗುಣವಾಗಲಿಲ್ಲ. ದಾಖಲೆ ಕೋಣೆಯಲ್ಲಿ ಅವನಿಗೊಂದು ಕುರ್ಚಿ ಕೊಟ್ಟರು. ತುಂಡು ತುಂಡು ವಾಕ್ಯಗಳಲ್ಲಿ, ಬೆವರು ಸುರಿಸುತ್ತಾ, ಆದರೆ ತನ್ನದೇ ಬಾಯಿಯಿಂದ ಅವನು ಮಾತಾಡಿದ.

ಆ ಹೊತ್ತಿನಲ್ಲಿ ಮಾತ್ರ ಇದೊಂದೂ ಅವರಿಗೆ ಗೊತ್ತಿರಲಿಲ್ಲ. ಸರ್ವಮಂಗಳ ಉತ್ತರ ಕೊಡಬೇಕಿತ್ತು. ಬಾಯಿ ತೆರೆದಳು. ಏನೂ ಬರಲಿಲ್ಲ. ತನಗೇನು ಬೇಕು ಎಂಬುದನ್ನು ಅವಳು ಯೋಚಿಸಿ ಎಷ್ಟೋ ಕಾಲವಾಗಿತ್ತು. ಅವನು ಉಣ್ಣದೆ ಬಿಟ್ಟದ್ದನ್ನು ಉಂಡಿದ್ದಳು, ಅವನು ಮಲಗಿದಾಗ ಮಲಗಿದ್ದಳು.

“ನಂಗೆ ಗೊತ್ತಾಗ್ತಿಲ್ರೀ,” ಎಂದಳು. “ಏನು ಬೇಕು ಅಂತ ನಂಗೇ ಗೊತ್ತಾಗ್ತಿಲ್ಲ.”

ಹಾಲೇಶ ಏನೋ ಸೂಚಿಸಲು ಬಾಯಿ ತೆರೆದ. ಮುರುಗೇಂದ್ರಪ್ಪ ಅವನ ಕಡೆ ನೋಡಿ, “ಬೇಡ,” ಎಂದ.

ಆಮೇಲೆ ತಿಂಡಿಯ ಕಾರ್ಡನ್ನು ಎಡಗೈಯಿಂದ ತಿರುಗಿಸಿ, ಅಕ್ಷರಗಳು ನೇರವಾಗಿ ಕಾಣುವಂತೆ ಅವಳ ಮುಂದೆ ಸರಿಸಿದ. ಕುರ್ಚಿಗೆ ಒರಗಿ ಕೂತ. ಅವಳು ಕಣ್ಣೊರೆಸಿಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ಅವನು ಕಾದ.